ಅಳತೆಯಾದ ಮೇಲೆ ದೀಪ

ನೀಲಾಂಬಿಕೆ ಹೋದ ಸುದ್ದಿ ನನಗೆ ತಿಳಿದದ್ದು ಕಬಡ್ಡಿ ಅಂಗಳದಲ್ಲಿ, ಮೈಕಿನ ಮೂಲಕ, ಊರಿನವರೆಲ್ಲರ ಜೊತೆಗೆ. ಗಂಡನಿಗೆ ಮೊದಲು ತಿಳಿಯಬೇಕಾದ ಸುದ್ದಿ ಅದು. ಆದರೆ ನಾನು ಫೋನು ಇಟ್ಟುಕೊಂಡವನಲ್ಲ. ಮುಂದಿನ ವಾರ ನಮ್ಮೊಡನೆ ಆಡಲಿದ್ದ ತಂಡದ ಆಟ ನೋಡಿ ಬರಲು ಆಕೆ ಪರವೂರಿಗೆ ಹೋಗಿದ್ದಳು. ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದವಳು ತೆರೆಯಲಿಲ್ಲ. ಜೊತೆಗಿದ್ದ ಆಕೆಯ ತಂಗಿಯ ಮಗಳು ಸುವರ್ಣಾ ಅಂಗಳದ ಕಚೇರಿಗೆ ಫೋನು ಮಾಡಿದಳು. ಎತ್ತಿಕೊಂಡವನು ಅಂಕಗಳನ್ನು ಕೂಗಿ ಹೇಳುವ ಚನಮಲ್ಲ. ಅವನ ಕಿವಿಗೆ ಬಿದ್ದದ್ದು ಬಾಯಿಗೆ ಬರಲು ಹೊತ್ತು ಬೇಕಾಗುವುದಿಲ್ಲ. "ನಮ್ಮೂರು ಹದಿನೆಂಟು, ಎದುರಿನವರು ಹದಿನೇಳು, ನಮ್ಮ ನೀಲವ್ವಾರು ಇನ್ನಿಲ್ಲ" ಎಂದು ಒಂದೇ ಧಾಟಿಯಲ್ಲಿ ಹೇಳಿಬಿಟ್ಟ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು, ಮೈಕನ್ನು ಆರಿಸುವುದನ್ನೂ ಮರೆತು ಗೊಳೋ ಎಂದು ಅತ್ತ.

ಆ ಹೊತ್ತಿಗೆ ನಮ್ಮ ತಂಡದ ಕೊಟ್ರೇಶ ರೈಡಿಗೆ ಹೋಗಿದ್ದ. ಎದುರಾಳಿಗಳ ಪಾಲಿನ ನಡುಮಧ್ಯದಲ್ಲಿದ್ದ. ಬಾಯಲ್ಲಿ ಕಬಡ್ಡಿ ಕಬಡ್ಡಿ ಎನ್ನುವ ದಮ್ಮು, ಆ ದಮ್ಮಿನಿಂದ ಇಳಿದ ನೂಲು ಅವನ ಹಿಂದೆ ಮಣ್ಣಿನ ಮೇಲೆ ಬಳ್ಳಿಯಂತೆ ಬಿದ್ದಿತ್ತು. ಅವನನ್ನು ಹಿಡಿಯಲು ಕೈ ಕೈ ಕೂಡಿಸಿ ನಿಂತಿದ್ದ ಎದುರಾಳಿಗಳು ಕೈ ಬಿಟ್ಟು ತಲೆ ತಗ್ಗಿಸಿದರು. ನೂಲು ಈಗ ಹರಿಯುತ್ತದೆ, ಅವನು ಔಟಾಗುತ್ತಾನೆ ಎಂದು ಎಲ್ಲರೂ ಅವನ ಬಾಯನ್ನೇ ನೋಡಿದರು. ಹರಿಯಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿಂದ ನೂಲು ಇಳಿಯುತ್ತಿತ್ತು. ಅವನು ಒಂದೊಂದೇ ಹೆಜ್ಜೆ ಹಿಂದೆ ಸರಿದು, ಗೆರೆ ದಾಟಿ, ಆಮೇಲೆ ಉಸಿರೆಳೆದು ಕುಳಿತುಬಿಟ್ಟ. ತಂಡದ ಲೆಕ್ಕ ಇಡುವ ನೀಲಾಳ ಕುರ್ಚಿಯಲ್ಲಿ ಆ ದಿನ ನಾನಿದ್ದೆ. ಹೋಗುವ ಮುಂಚೆ ಆಕೆ ಕಟ್ಟಪ್ಪಣೆ ಮಾಡಿದ್ದಳು: "ಕೊಟ್ರೇಶಂದು ಬ್ಯಾರೆ ಚೀಲ, ಮೈಲಾರಿದು ಬ್ಯಾರೆ ಚೀಲ. ಎರಡೂ ಕಲಿಸಿಗಿಲಿಸೀರಿ ಮತ್ತ. ನಾ ಬಂದು ಅಳತಿ ಮಾಡೂತನಕ ಒಂದೆಳಿನೂ ನಿಮ್ಮ ದೇವರಿಗೆ ಕೊಡಬ್ಯಾಡ್ರಿ." ಎರಡು ಚೀಲಗಳೂ ನನ್ನ ತೊಡೆಯ ಮೇಲಿದ್ದವು. ಯಾರೋ ಬಂದು ನನ್ನನ್ನು ಎಬ್ಬಿಸಿದಾಗಲೂ ನಾನು ಅವನ್ನು ಬಿಡಲಿಲ್ಲವಂತೆ.

ನಮ್ಮೂರಿನಲ್ಲಿ ಒಂದೇ ಮಾತನ್ನು ಉಸಿರು ಬಿಡದೆ ಹೇಳುತ್ತ ಹೋದರೆ ಬಾಯಿಂದ ನೂಲು ಇಳಿಯುತ್ತದೆ. ಮಗು ಬೇಕು ಬೇಕು ಬೇಕು ಎಂದು ಹಟ ಹಿಡಿದರೆ ತಾಯಿ ಆ ನೂಲಿನಲ್ಲೇ ಅದರ ಅಂಗಿಯ ಗುಂಡಿ ಹಚ್ಚುತ್ತಾಳೆ. ನಳದ ಹತ್ತಿರ ಇಬ್ಬರು ಹೆಂಗಸರು ಜಗಳಕ್ಕೆ ನಿಂತರೆ ಇಬ್ಬರ ನೂಲೂ ಸಿಕ್ಕುಗಟ್ಟುತ್ತದೆ. ನಿನ್ನದು ಯಾವುದು ನನ್ನದು ಯಾವುದು ಎಂದು ಬಿಡಿಸುತ್ತ ಕೂಡ್ರುವಷ್ಟರಲ್ಲಿ ಮತ್ತೆ ಮಾತು ಶುರುವಾಗಿರುತ್ತದೆ. ಊರ ಗಡಿ ದಾಟಿದರೆ ಉಸಿರು ಬರೀ ಗಾಳಿ. ಹೊರಗಿನಿಂದ ಮೊದಲ ಸಲ ಆಡಲು ಬಂದ ಒಬ್ಬ ಪೈಲ್ವಾನನಂಥ ಆಟಗಾರ ತನ್ನ ಬಾಯಿಂದ ನೂಲು ಬರುವುದನ್ನು ಕಂಡು, ಕರುಳೇ ಬಂತೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೇರ ದವಾಖಾನೆಗೆ ಓಡಿದ್ದ.

ನನ್ನದು ಸಿದ್ಧೇಶ್ವರನ ಗುಡಿಯಲ್ಲಿ ದೀಪದ ಸೇವೆ. ನಮಃ ಶಿವಾಯ ಎಂದು ಜಪಿಸಿ, ಇಳಿದ ನೂಲನ್ನು ಬತ್ತಿ ಮಾಡಿ ಹಚ್ಚುವುದು ನಮ್ಮ ಮನೆತನದ ಪದ್ಧತಿ. ವಯಸ್ಸಾದಂತೆ ನನ್ನ ದಮ್ಮು ಗೇಣಿಗೆ ಇಳಿಯಿತು. ಗೇಣುದ್ದದ ನೂಲಿಗೆ ಎಷ್ಟು ಹೊತ್ತಿನ ದೀಪ? ಹಾಗಾಗಿ ಅಂಗಳದಿಂದ ಕೊಟ್ರೇಶನ ನೂಲು ತಂದು ನನ್ನ ನೂಲಿನೊಡನೆ ಹೊಸೆಯುತ್ತಿದ್ದೆ. ಅವನ ನೂಲು ಆನೆಯ ಸರಪಳಿಯಷ್ಟು ಉದ್ದ, ರೇಷ್ಮೆಯಷ್ಟು ನಯ. ಕಬಡ್ಡಿ ಎಂದ ಉಸಿರು ದೇವರಿಗೆ ಸಲ್ಲುತ್ತದೆಯೇ ಎಂದು ಕೆಲವರು ಕೇಳಿದರು. ಉಸಿರು ಕೊಟ್ಟವನು ದೇವರೇ, ಅವನಿಗೆ ತಿಳಿಯದೇ ಎಂದೆ.

ನೀಲಾ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವಳು. ಆಕೆಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಸಾಕಷ್ಟು ಮಾಹಿತಿ ಸಿಕ್ಕಿಲ್ಲವೆಂದು ತೀರ್ಪು ಕೊಟ್ಟಿರಲಿಲ್ಲ, ಅಷ್ಟೆ. ನನ್ನ ಜಪದ ನೂಲನ್ನೂ ಬಿಡದೆ ಅಳೆಯುತ್ತಿದ್ದಳು. ಒಂದು ದಿನ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ನೋಡ್ರಿ, ಸೋಮವಾರ ನಿಮ್ಮ ಭಕ್ತಿ ಮೊಳದ ಸನೇಕ ಬರತೈತಿ. ಹೋಳಿಗಿ ಉಂಡ ದಿನ ಗೇಣು ದಾಟೂದಿಲ್ಲ" ಎಂದಳು.

"ಭಕ್ತಿ ಅಳಿಯೂ ವಸ್ತು ಅಲ್ಲ, ನೀಲಾ."

"ಭಕ್ತಿ ಯಾರು ಅಳದಾರ? ನಾ ಅಳದದ್ದು ನಿಮ್ಮ ಹೊಟ್ಟಿ."

ನಮ್ಮ ಮನೆಯಲ್ಲಿ ಇದ್ದದ್ದು ಎರಡೇ ಕಟ್ಟಳೆ. ಯಾರ ನೂಲೇ ಇರಲಿ, ಮೊದಲು ಆಕೆಯ ಅಳತೆ, ಆಮೇಲೆ ನನ್ನ ದೀಪ. ಇದು ಒಂದು. ಆಕೆಯ ಲೆಕ್ಕ ತಪ್ಪಿದ ದಿನ ಹೋಳಿಗೆ. ಇದು ಎರಡು. ಸರಿ ಬಂದ ಲೆಕ್ಕ ನಮಗೆ ಗೊತ್ತಿದ್ದುದನ್ನೇ ಹೇಳುತ್ತದೆ, ತಪ್ಪಿದ ಲೆಕ್ಕವೇ ಹೊಸದನ್ನು ಹೇಳುವುದು ಎಂಬುದು ಆಕೆಯ ಸಿದ್ಧಾಂತ. ಹೆಂಡತಿಯ ಲೆಕ್ಕ ಸರಿ ಬರಲಿ ಎಂದು ನಾನು ನಿತ್ಯ ಬೇಡುತ್ತಿದ್ದೆ. ನಾಲಿಗೆ ಮಾತ್ರ ಬೇರೆ ಬೇಡುತ್ತಿತ್ತು.

ಆಕೆಯನ್ನು ತಂಡದವರು ಕರೆಸಿಕೊಂಡದ್ದು ತಂಡ ಮುಳುಗುವ ಹೊತ್ತಿಗೆ. ನಮ್ಮೂರಿನವರು ಆಟಗಾರನ ಯೋಗ್ಯತೆಯನ್ನು ನೂಲಿನ ಉದ್ದದಿಂದ ತಿಳಿಯುತ್ತಿದ್ದರು. ವರ್ಷಕ್ಕೊಮ್ಮೆ ಎಲ್ಲರಿಗಿಂತ ಉದ್ದದ ನೂಲು ಬಿಟ್ಟವನಿಗೆ ಕೇಸರಿ ರುಮಾಲು ಸುತ್ತಿ ಮೆರವಣಿಗೆ. ಅವನ ನೂಲನ್ನು ತೊಟ್ಟಿಲಿಗೆ ಕಟ್ಟುತ್ತಿದ್ದರು, ಮದುಮಗಳ ಸೆರಗಿಗೆ ನೇಯುತ್ತಿದ್ದರು. ಬರಬರುತ್ತ ನಮ್ಮ ರೈಡರುಗಳು ಎದುರಾಳಿಯನ್ನು ಮುಟ್ಟುವುದನ್ನೇ ಮರೆತು, ಅವರ ಪಾಲಿನಲ್ಲಿ ಸಂಜೆಯ ತಿರುಗಾಟ ಮಾಡಿ ಬರತೊಡಗಿದರು. ಎದುರಿನವರು ಅಂಕ ಗಳಿಸಿಕೊಂಡು ಹೋದರು, ನಮ್ಮವರು ನೂಲಿನ ಉಂಡೆ ಸುತ್ತಿಕೊಂಡು ಬಂದರು. ತಂಡದ ಮಾಲೀಕ ಗುರಪಾದಪ್ಪ ಸಾಹುಕಾರರು ನಮ್ಮ ಕಟ್ಟೆಯ ಮೇಲೆ ಕುಳಿತು ತಲೆಗೆ ಕೈಹಚ್ಚಿದರು.

"ಅಕ್ಕಾರ, ನಮ್ಮ ಹುಡುಗರ ದಮ್ಮು ಸೀಮಿಗೇ ದೊಡ್ಡದು. ಹಂಗಾರ ಸೋಲೂದ್ಯಾಕ?"

"ಯಾವುದಕ್ಕ ರುಮಾಲು ಸುತ್ತತೀರೋ ಅದು ಬೆಳಿತೈತಿ, ಸಾವಕಾರ್ರ. ನೂಲಿಗೆ ಸುತ್ತಿದ್ರಿ, ನೂಲು ಬೆಳೀತು" ಎಂದಳು ನೀಲಾ.

ಆಕೆ ಅಂಗಳದ ನಾಲ್ಕೂ ಮೂಲೆಗೆ ಕ್ಯಾಮೆರಾ ಕಟ್ಟಿಸಿದಳು. ಪ್ರತಿ ರೈಡಿನಲ್ಲೂ ಯಾರು ಯಾವ ಮೂಲೆಗೆ ಹೋದ, ಯಾರನ್ನು ಮುಟ್ಟಿದ, ನೂಲು ಎಷ್ಟು ಇಳಿಯಿತು, ಎಲ್ಲವೂ ಲ್ಯಾಪ್‌ಟಾಪಿಗೆ ಹೋಯಿತು. ನೂಲಿನ ಗಂಟುಗಳೂ ಹೋದವು. ದಮ್ಮು ಹಿಡಿದವನ ಎದೆ ಎಲ್ಲಿ ನಡುಗುತ್ತದೋ ಅಲ್ಲಿ ನೂಲಿಗೆ ಗಂಟು ಬೀಳುತ್ತದೆ. ಹೊರಗೆ ಹುಲಿಯ ಹಾಗೆ ಕಂಡವನು ಒಳಗೆ ಎಷ್ಟು ಹೆದರಿದ್ದ ಎಂಬುದು ಅದರಲ್ಲಿ ತಿಳಿಯುತ್ತದೆ. ಮನೆಯ ಗೋಡೆಯ ತುಂಬ ಏರಿಳಿಯುವ ಗೆರೆಗಳ ಹಾಳೆ ಅಂಟಿಸಿದಳು. ನೆರೆಮನೆಯ ಈರವ್ವ ನೋಡಿ, "ರಂಗೋಲಿ ಚಲೋ ಐತಿ, ಆದ್ರ ಸೊಟ್ಟ ಬಂದೈತಿ" ಎಂದು ಹೋದಳು.

ಲೆಕ್ಕ ಮುಗಿದಾಗ ಹೊರಬಿದ್ದ ಮಾತು ಇಷ್ಟು. ಕೊಟ್ರೇಶನ ರೈಡುಗಳಲ್ಲಿ ಅಂಕ ಬಂದದ್ದು ಇಲ್ಲವೆಂಬಷ್ಟು ಕಡಿಮೆ. ಮೈಲಾರಿ ಎಂಬ ಗಿಡ್ಡ ಹುಡುಗನಿದ್ದ. ಹೋಗುತ್ತಿದ್ದ, ಒಬ್ಬನನ್ನು ತಟ್ಟುತ್ತಿದ್ದ, ಬಂದುಬಿಡುತ್ತಿದ್ದ. ಅವನ ನೂಲು ಬೆರಳಿಗೆ ಸುತ್ತಲೂ ಸಾಲದು. ಊರು ಅವನನ್ನು ಮೋಟುದಾರ ಎಂದೇ ಕರೆಯುತ್ತಿತ್ತು. ತಂಡದ ಅಂಕಗಳಲ್ಲಿ ಮುಕ್ಕಾಲು ಪಾಲು ಮೋಟುದಾರನದು. ನೀಲಾ ಸಾಹುಕಾರರಿಗೆ ಹೇಳಿದಳು: ಮೈಲಾರಿಯನ್ನು ಮುಂದೆ ಮಾಡಿರಿ, ಕೊಟ್ರೇಶನನ್ನು ಕೂಡ್ರಿಸಿರಿ. ಸಾಹುಕಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಋತು ಮುಗಿದ ಮೇಲೆ ಕೊಟ್ರೇಶನನ್ನು ಹೊರಗಿನ ತಂಡವೊಂದಕ್ಕೆ ಬಿಟ್ಟುಕೊಡುವುದಾಗಿ ಮಾತು ಕೊಟ್ಟರು.

ಮರುದಿನ ಕೊಟ್ರೇಶ ಮನೆಗೆ ಬಂದ. ಆರಡಿಯ ಆಳು ಬಾಗಿಲಲ್ಲಿ ಮಗುವಿನಂತೆ ನಿಂತಿದ್ದ. ಜಗಳಕ್ಕೆ ಬಂದಿದ್ದಾನೆಂದು ನಾನು ಎದ್ದು ನಿಂತೆ. ಅವನು ನೀಲಾಳ ಕಾಲು ಮುಟ್ಟಿ ನೆಲದ ಮೇಲೆ ಕುಳಿತ.

"ಅವ್ವಾರ, ಕೂಡ್ರಸ್ರಿ, ಬ್ಯಾಡ ಅನ್ನೂದಿಲ್ಲ. ನೀರು ಕೊಡೂ ಕೆಲಸ ಹೇಳ್ರಿ, ಮಾಡತೀನಿ. ಊರು ಮಾತ್ರ ಬಿಡಸಬ್ಯಾಡ್ರಿ. ಹೊರಗ ಹ್ವಾದ್ರ ದಮ್ಮು ಬರೇ ಗಾಳಿ ಆಗತೈತಿ. ಆಡಿ ಬಂದು ಹಿಂದ ಹೊಳ್ಳಿ ನೋಡಿದ್ರ ಏನೂ ಇರಾಂಗಿಲ್ಲ. ಮಣ್ಣಷ್ಟ."

ನೀಲಾ, "ಲೆಕ್ಕಕ್ಕ ಕಣ್ಣೀರು ಗೊತ್ತಾಗೂದಿಲ್ಲೋ ತಮ್ಮಾ" ಎಂದು ಒಳಗೆ ಹೋದಳು. ಒಳಗೆ ಹೋಗಿ ಅದೇ ಲೆಕ್ಕವನ್ನು ಮತ್ತೆ ಮಾಡಿದಳು. ಅದು ಮತ್ತೆ ಹಾಗೇ ಬಂತು.

ನಾನು ಸುಮ್ಮನಿರಲಿಲ್ಲ. ದೀಪಕ್ಕೆ ನೂಲು ಎಲ್ಲಿಂದ ತರಲಿ ಎಂದು ಕೇಳಿದೆ. "ಮೈಲಾರಿದು ತಗೋರಿ" ಎಂದಳು. ಮೈಲಾರಿಯ ನೂಲಿನಿಂದ ಬತ್ತಿ ಮಾಡುವುದೆಂದರೆ ಸಾಸಿವೆಯಿಂದ ಚಪ್ಪರ ಹಾಕಿದಂತೆ. ಅವನ ತುಣುಕುಗಳು ಯಾವ ಕೆಲಸಕ್ಕೂ ಬಾರದೆಂದು, ಪಂದ್ಯ ಪಂದ್ಯದ್ದು ಬೇರೆ ಬೇರೆ ಪೊಟ್ಟಣ ಕಟ್ಟಿ ಜೋಳದ ಕಣಜದ ಹಿಂದೆ ಒಗೆಯುತ್ತಿದ್ದೆ. ಊರೂ ಸುಮ್ಮನಿರಲಿಲ್ಲ. ಈರವ್ವ ಸೊಂಟಕ್ಕೆ ಕೈಕೊಟ್ಟು ನಮ್ಮ ಮನೆಯ ಮುಂದೆ ನಿಂತಳು.

"ನೀಲಕ್ಕಾ, ನಾಳಿ ನನ್ನ ಮೊಮ್ಮಗಳನ್ನ ತೊಟ್ಟಿಲಕ್ಕ ಹಾಕೂದೈತಿ. ಕೊಟ್ರೇಶನ ದಾರ ಇಲ್ಲ. ಮೋಟುದಾರಂದು ಕಟ್ಟಿದ್ರ ಕೂಸು ಮೊಳಕಾಲುದ್ದನ ಉಳದೀತು!"

"ಕೂಸಿಗೆ ಹಾಲು ಕುಡಸು, ಬೆಳೀತೈತಿ" ಎಂದಳು ನೀಲಾ.

"ನಿನ್ನ ಲ್ಯಾಪಟಾಪ ಹಾಲು ಕೊಡತೈತೇನು?" ಎಂದು ಈರವ್ವ ಸೆರಗು ಕೊಡವಿ ಹೋದಳು.

ಇಷ್ಟಾಗಿ ತಂಡ ಗೆದ್ದಿದ್ದರೆ ಊರು ಮರೆಯುತ್ತಿತ್ತು. ಕೊಟ್ರೇಶ ಬೆಂಚಿನಲ್ಲಿ ಕುಳಿತಂದಿನಿಂದ ಮೈಲಾರಿಯೂ ಆಡುವುದನ್ನು ಮರೆತವನಂತಾದ. ಹೋದಲ್ಲಿ ಹಿಡಿದರು, ಮುಟ್ಟಲು ಬಾಗಿದರೆ ಕಾಲೆಳೆದರು. ತಂಡ ಮತ್ತೆ ಸೋತಿತು, ಮೊದಲಿಗಿಂತ ಕೆಟ್ಟದಾಗಿ ಸೋತಿತು. ಈಗ ಅಂಕವೂ ಇಲ್ಲ, ನೂಲೂ ಇಲ್ಲ. ಚನಮಲ್ಲ ಮೈಕಿನಲ್ಲಿ ನಮ್ಮ ಅಂಕ ಹೇಳುವಾಗ ಕೆಮ್ಮುತ್ತಿದ್ದ.

ನೀಲಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ವಿಭೂತಿ ಧರಿಸುತ್ತಿದ್ದಾಗ ಕಣಜದ ಹಿಂದಿನಿಂದ, "ತಪ್ಪು ಸಿಕ್ತು ರೀ! ಸಿಕ್ತು! ಎಷ್ಟು ದೊಡ್ಡದು ಅಂತೀರಿ!" ಎಂದು ಕೂಗು ಕೇಳಿತು. ಹಾವು ಸಿಕ್ಕಿತೆಂದು ನಾನು ಕೋಲು ಹಿಡಿದು ಓಡಿದೆ. ಆಕೆ ಮೈತುಂಬ ಜೇಡರ ಬಲೆ ಹೊತ್ತು, ಮೈಲಾರಿಯ ತುಣುಕುಗಳನ್ನು ಎರಡು ಗುಂಪು ಮಾಡಿ ಅವುಗಳ ನಡುವೆ ಕುಳಿತಿದ್ದಳು. ಒಂದು ಗುಂಪು ನುಣುಪಾಗಿತ್ತು. ಇನ್ನೊಂದರ ತುಂಬ ಗಂಟುಗಳು.

"ಈ ನುಣುಪಿಂದೆಲ್ಲ ಕೊಟ್ರೇಶ ಆಡಿದ ದಿನದ್ದು, ಅವ ಹೋಗಿ ಬಂದ ಮ್ಯಾಲೆ ಮೈಲಾರಿ ಹೋಗಿದ್ದು. ಈ ಗಂಟಿಂದು ಅವ ಇಲ್ಲದಾಗಿಂದು. ತಿಳೀತೇನ್ರಿ?"

"ಇಲ್ಲ" ಎಂದೆ.

"ಕೊಟ್ರೇಶ ಅಷ್ಟೊತ್ತು ದಮ್ಮು ಹಿಡದು ಈ ಮೂಲಿಯಿಂದ ಆ ಮೂಲಿಗೆ ತಿರಗತಾನ. ಅವನ ಹಿಂದ ಏಳು ಮಂದಿ ಓಡತಾರ. ಅವ ಯಾರನ್ನೂ ಮುಟ್ಟೂದಿಲ್ಲ, ಖರೆ. ಆದ್ರ ಅವ ಬಂದಾಗ ಅವರ ಕಾಲು ಸೋತಿರತಾವ. ನಡುವ ಅವರದೊಂದು ಸರದಿ ಹ್ವಾದ್ರೂ ದಣಿವು ಹೋಗಿರೂದಿಲ್ಲ. ಆಗ ಮೈಲಾರಿ ಹೊಕ್ಕು ತಟ್ಟಿ ಬರತಾನ. ನಾ ಒಬ್ಬೊಬ್ಬನ್ನ ಒಂಟಿ ನಿಲ್ಲಿಸಿ ಲೆಕ್ಕ ಹಾಕೀನಿ. ಅವರು ಒಂಟಿ ಆಡಿದ್ದಾದ್ರೂ ಎಲ್ಲಿ?"

ಆ ದಿನ ಹೋಳಿಗೆ ಎಷ್ಟು ಮಾಡಿದಳೆಂದರೆ ಈರವ್ವನ ಮನೆಗೂ ಒಂದು ತಾಟು ಹೋಯಿತು. ಈರವ್ವ ಬಾಯಿ ತುಂಬಿಕೊಂಡೇ, "ಹಿಂಗ ವಾರಕ್ಕೊಮ್ಮೆ ತಪ್ಪಬೇಕು ನೋಡಕ್ಕಾ" ಎಂದಳು.

ಸಾಹುಕಾರರು ಹೋಳಿಗೆಗೆ ಕರಗಲಿಲ್ಲ. "ಅಕ್ಕಾರ, ನಿನ್ನೆ ತೆಗೀರಿ ಅಂದ್ರಿ, ಇವತ್ತ ಇಡ್ರಿ ಅಂತೀರಿ. ನಾ ಹೊರಗಿನವ್ರಿಗೆ ಮಾತು ಕೊಟ್ಟೀನಿ."

"ಒಂದಽ ಆಟ ಕೊಡ್ರಿ. ನಾ ಹೇಳಿದ ಸರದಿ ಮ್ಯಾಲೆ ಆಡಸ್ರಿ. ಕೊಟ್ರೇಶ ಮೊದಲ, ಅವನ ಹಿಂದ ಮೈಲಾರಿ, ಕಡೀತನಕಾ ಹಂಗ. ಸೋತ್ರ ಅವನ್ನ ಕಳಸ್ರಿ, ನನ್ನೂ ಕಳಸ್ರಿ."

ಆ ಆಟಕ್ಕೆ ಊರೇ ನೆರೆಯಿತು. ನಾನು ಗುಡಿಯಲ್ಲಿ ದೇವರಿಗೆ ಕೈಮುಗಿದು ಹೋಗಿದ್ದೆ; ಆಕೆಯ ಲೆಕ್ಕ ಸರಿ ಬರಲಿ ಎಂದು ಆ ದಿನ ನಾಲಿಗೆಯೂ ಬೇಡಿತು. ಕೊಟ್ರೇಶ ಹೋದ. ದಮ್ಮು ಹಿಡಿದು ಎದುರಿನ ಏಳು ಮಂದಿಯನ್ನು ಗಾಣದೆತ್ತಿನಂತೆ ತಿರುಗಿಸಿದ. ಮಣ್ಣಿನ ಮೇಲೆ ನೂಲು ಸುರುಳಿ ಸುರುಳಿಯಾಗಿ ಬಿತ್ತು. ಬರಿಗೈಯಲ್ಲಿ ಬಂದ. ಎದುರಿನವರದೊಂದು ಸರದಿ ಮುಗಿಯಿತು. ಮೈಲಾರಿ ಹೋದ, ತಟ್ಟಿದ, ಬಂದ. ಮತ್ತೆ ಕೊಟ್ರೇಶ, ಮತ್ತೆ ಬರಿಗೈ. ಮತ್ತೆ ಮೈಲಾರಿ, ಈ ಸಲ ಇಬ್ಬರನ್ನು ತಟ್ಟಿದ. ಜನ ಮೊದಮೊದಲು ಮೈಲಾರಿಗೆ ಸಿಳ್ಳೆ ಹಾಕಿದರು. ಕೊನೆಕೊನೆಗೆ ಕೊಟ್ರೇಶ ಬರಿಗೈಯಲ್ಲಿ ಬಂದರೂ ಎದ್ದು ನಿಂತು ಸಿಳ್ಳೆ ಹಾಕತೊಡಗಿದರು. ಎದುರು ತಂಡದವರು ಇವರಿಗೇನು ಹುಚ್ಚೇ ಎಂಬಂತೆ ನೋಡಿದರು. ನಾವು ಗೆದ್ದೆವು. ಸಾಹುಕಾರರು ತಮ್ಮ ತಲೆಯ ರುಮಾಲನ್ನೇ ತೆಗೆದು, ಯಾರಿಗೆ ಸುತ್ತಬೇಕೆಂದು ತಿಳಿಯದೆ, ಒಂದು ತುದಿಯನ್ನು ಕೊಟ್ರೇಶನ ತಲೆಗೂ ಇನ್ನೊಂದನ್ನು ಮೈಲಾರಿಯ ತಲೆಗೂ ಸುತ್ತಿದರು. ಆರಡಿಯವನೂ ಗಿಡ್ಡನೂ ಒಂದೇ ರುಮಾಲಿನಲ್ಲಿ ಸಿಕ್ಕಿ ಎತ್ತು ಕರು ನೊಗ ಹೊತ್ತಂತೆ ನಡೆದರು.

ಅಂಕದ ಹಲಗೆಯ ಮುಂದೆ ಕೊಟ್ರೇಶ ನಿಂತುಬಿಟ್ಟ. "ಅವ್ವಾರ, ಊರಾಗ ಉಳದೆ, ನಿಮ್ಮ ಪುಣ್ಯ. ಆದ್ರ ನೋಡ್ರಿ, ನನ್ನ ಹೆಸರಿನ ಮುಂದ ಸೊನ್ನಿನಽ ಐತಿ."

"ಸೊನ್ನಿ ಒಂಟಿ ನಿಂತ್ರ ಸೊನ್ನಿ, ತಮ್ಮಾ. ಒಂದರ ಮಗ್ಗಲಾಗ ನಿಂತ್ರ ಹತ್ತು. ಮೂರು ದಶಕ ಕಾಲೇಜಿನ್ಯಾಗ ಇದನ್ನ ಕಲಿಸಿ ನಾನಽ ಮರತಿದ್ದೆ" ಎಂದಳು. ಅಂದಿನಿಂದ ಆಕೆಯ ಲೆಕ್ಕದ ಪಟ್ಟಿಯಲ್ಲಿ ತುಂಬಬೇಕಾದ ಒಂದು ಹೊಸ ಮನೆ ಬಂತು: ಮಗ್ಗುಲಲ್ಲಿ ಯಾರಿದ್ದರು?

ಇದಾಗಿ ಇನ್ನೂ ಒಂದು ಋತು ಮುಗಿದಿರಲಿಲ್ಲ, ಆಕೆ ಬಸ್ಸಿನಲ್ಲಿ ಕಣ್ಣು ಮುಚ್ಚಿದಳು.

ಮಣ್ಣು ಮಾಡಿ ಬಂದ ಮರುದಿನ ಸುವರ್ಣಾ ನನ್ನ ಜೊತೆಗಿದ್ದಳು. ಮುಂಜಾನೆ ನಾನು ಗುಡಿಗೆ ಹೋಗಲು ಎದ್ದೆ, ಆ ಎರಡು ಚೀಲಗಳನ್ನು ಕಂಡು ಕುಳಿತೆ. ಗುಡಿಯಲ್ಲಿ ದೀಪಕ್ಕೆ ಬೇರೆ ನೂಲಿರಲಿಲ್ಲ. ಚೀಲದ ತುಂಬ ನೂಲಿತ್ತು, ಆದರೆ ಅದು ಅಳತೆಯಾಗದ ನೂಲು. ಆಕೆ ಅಳೆಯದ ಒಂದೆಳೆಯನ್ನೂ ನಾನು ಈ ವರೆಗೆ ಹೊತ್ತಿಸಿದವನಲ್ಲ. ದೇವರು ಕತ್ತಲಲ್ಲಿರಬಾರದು, ನೀಲಾಳ ಮಾತು ಮೀರಬಾರದು. ಎರಡರ ನಡುವೆ ನಾನು ಒಂಟಿ ಸೊನ್ನೆಯಂತೆ ಕುಳಿತಿದ್ದೆ.

ಬಾಗಿಲಲ್ಲಿ ನೆರಳಾಯಿತು. ಒಂದು ಉದ್ದ, ಒಂದು ಗಿಡ್ಡ. ಮೈಲಾರಿಯ ಕೈಯಲ್ಲಿ ದರ್ಜಿಯಿಂದ ಇಸಿದುಕೊಂಡು ಬಂದ ಟೇಪು ಇತ್ತು.

"ಅಪ್ಪಾರ, ಅಳತಿ ಆಗೂತನಕ ನೀವು ದೀಪ ಹಚ್ಚೂದಿಲ್ಲ ಅಂತ ಗೊತ್ತೈತ್ರಿ" ಎಂದ ಕೊಟ್ರೇಶ. "ಅದಕ್ಕ ಬಂದ್ವಿ."

ಇಬ್ಬರೂ ಪಡಸಾಲೆಯಲ್ಲಿ ಮಂಡಿಯೂರಿ ಅಳೆಯತೊಡಗಿದರು. ಜಗಳವೂ ಶುರುವಾಯಿತು. "ಎಳದು ಹಿಡೀಬ್ಯಾಡೋ, ಎಳದ್ರ ಎಲ್ಲಾರದೂ ಉದ್ದ ಬರತೈತಿ" ಎಂದು ಮೈಲಾರಿ ಬೈದ. "ನಿಂದು ಅಳಿಯೂದಿರ್ಲಿ, ನೋಡಾಕ ಭೂತಗನ್ನಡಿ ಬೇಕು, ಸುಮ್ನಿರು" ಎಂದ ಕೊಟ್ರೇಶ. ಒಬ್ಬನ ಅಳತೆ ಇನ್ನೊಬ್ಬನ ಅಳತೆಗೆ ಕೂಡಿಬರಲಿಲ್ಲ. ಆಕೆ ಇದ್ದಿದ್ದರೆ ಹೋಳಿಗೆಗೆ ಹಿಟ್ಟು ನಾದುತ್ತಿದ್ದಳು. ಮತ್ತೆ ಅಳೆದರು. ಸುವರ್ಣಾ ಲ್ಯಾಪ್‌ಟಾಪ್ ತೆರೆದು ಬರೆದುಕೊಂಡಳು. ಕೊನೆಗೆ ಉಳಿದದ್ದು ಚನಮಲ್ಲ ಮೈಕಿನಲ್ಲಿ ಆ ಸುದ್ದಿ ಹೇಳಿದ ಹೊತ್ತಿನ ನೂಲು, ಅಂಗಳದಿಂದ ಮೈಲಾರಿ ಸುತ್ತಿ ತಂದದ್ದು. ಕೊಟ್ರೇಶ ಅದನ್ನು ಬೆರಳ ನಡುವೆ ಹಾಯಿಸುತ್ತ ಬಂದ. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಒಂದು ಗಂಟಿತ್ತು, ಅವರೆಕಾಳಿನಷ್ಟು ದೊಡ್ಡದು. ಅದರಿಂದ ಮುಂದೆ ಗೆರೆಯ ತನಕ ನೂಲು ನೆಟ್ಟಗಿತ್ತು.

"ಅಂಕ ಏನು ಬರೀಲಿ, ಅಣ್ಣಾ?" ಎಂದು ಸುವರ್ಣಾ ಕೇಳಿದಳು.

"ಸೊನ್ನಿ" ಎಂದ ಕೊಟ್ರೇಶ. ಗಂಟಿನ ಮೇಲೆ ಬೆರಳಿಟ್ಟು, "ಮಗ್ಗಲಾಗ ಯಾರಿದ್ರು ಅನ್ನೂ ಮನಿ ಐತೆಲ್ಲವಾ, ಅಲ್ಲಿ ಅವ್ವಾರ ಹೆಸರು ಬರಿ."

ಆಮೇಲೆ ನಾಲ್ವರೂ ಗುಡಿಗೆ ಹೋದೆವು. ನಾನು ಕಣ್ಣು ಮುಚ್ಚಿ ನಮಃ ಶಿವಾಯ ಎಂದು ದಮ್ಮು ಹಿಡಿದೆ. ಸೋಮವಾರವಲ್ಲ, ಹೊಟ್ಟೆಯಲ್ಲಿ ಹೋಳಿಗೆಯೂ ಇಲ್ಲ. ಎಷ್ಟು ಇಳಿಯಿತೋ ಇಳಿಯಿತು, ಮೈಲಾರಿ ಸದ್ದಿಲ್ಲದೆ ಬಾಗಿ ಅದನ್ನೂ ಅಳೆದ. ಆಮೇಲೆ ಕೊಟ್ರೇಶನ ಗಂಟಿನ ನೂಲಿಗೆ ಮೈಲಾರಿಯ ತುಣುಕುಗಳನ್ನೂ ನನ್ನದನ್ನೂ ಸೇರಿಸಿ ಹೊಸೆದು, ಎಣ್ಣೆಯಲ್ಲಿ ಅದ್ದಿ ಹಚ್ಚಿದೆ. ಬೆಂಕಿ ಆ ಗಂಟಿನ ತನಕ ಬಂದು ಒಂದು ಕ್ಷಣ ತಡೆಯಿತು, ಆಮೇಲೆ ಅದನ್ನೂ ದಾಟಿ ಮೊದಲಿಗಿಂತ ಬೆಳ್ಳಗೆ ಉರಿಯಿತು.

ಸಿದ್ಧೇಶ್ವರಾ, ನೀಲಾಂಬಿಕೆ ನಿನ್ನ ಬಳಿಗೆ ಬಂದಿದ್ದಾಳೆ. ನಿನ್ನ ವಿಷಯದಲ್ಲಿ ತೀರ್ಪು ಕೊಡದೆ ಉಳಿಸಿಕೊಂಡಿದ್ದಳು. ಈಗ ಸಾಕಷ್ಟು ಮಾಹಿತಿ ಸಿಕ್ಕಿರಬೇಕು. ನಿನ್ನ ಲೆಕ್ಕವನ್ನೂ ಒಮ್ಮೆ ನೋಡಬೇಕೆಂದು ಕೇಳುತ್ತಾಳೆ, ಬೇಡವೆನ್ನಬೇಡ. ಅದರಲ್ಲಿ ಎಲ್ಲಾದರೂ ತಪ್ಪು ಹಿಡಿದರೆ ಸಿಟ್ಟಾಗಬೇಡ, ತಂದೆಯೇ, ಆ ದಿನ ಕೈಲಾಸದಲ್ಲಿ ಹೋಳಿಗೆ ಮಾಡಿಸು. ಬಹಳ ಓಡಾಡಿ ದಣಿದು ಬಂದ ಜೀವ. ಅವಳಿಗೆ ಕೂಡ್ರಲು ನಿನ್ನ ಮಗ್ಗುಲಲ್ಲಿ ಜಾಗ ಕೊಡು. ಅವಳ ಆತ್ಮಕ್ಕೆ ಗಂಟಿಲ್ಲದ ನೂಲಿನಂಥ ಶಾಂತಿಯನ್ನು ಕೊಡು. ಓಂ ಶಾಂತಿಃ.